ಪದಚರ್ಚೆ: ವೈರಸ್ಸು ಜೀವಕೋಶದ ಸ್ವಂತ ಜೀನುಗಳ ಕೆಲಸ ನಿಲ್ಲಿಸುವುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ, ನಮಸ್ಕಾರಗಳು.

ಸೋಂಕು ತಗುಲಿದ ಜೀವಕೋಶದೊಳಗೆ ವೈರಸ್ಸು ಆ ಕೋಶದ ಸ್ವಂತ ಜೀನುಗಳ ಕೆಲಸವನ್ನು ನಿಲ್ಲಿಸಿ, ಅಲ್ಲಿರುವ ಸಲಕರಣೆಗಳನ್ನು ತನ್ನ ಕೆಲಸಕ್ಕೆ ಹಚ್ಚಿಕೊಳ್ಳುವ ಕ್ರಿಯೆಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬುದು ನನ್ನ ಪ್ರಶ್ನೆ. ಇಂಗ್ಲಿಷಿನಲ್ಲಿ ಬರೆಯುವ ವಿಜ್ಞಾನಿಗಳು ಇದಕ್ಕೆ ‘ಹೋಸ್ಟ್ ಶಟಾಫ್’ ಎಂಬ ಚಿಕ್ಕ ಹೆಸರನ್ನಿಟ್ಟುಕೊಂಡಿದ್ದಾರೆ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ‘ಆತಿಥೇಯ ವಂಶವಾಹಿಗಳ ಅಭಿವ್ಯಕ್ತಿಯ ದಮನ’ ಎಂದು ಕಪ್ಪುಹಲಗೆಯ ಮೇಲೆ ಬರೆದು ಮುಂದಕ್ಕೆ ಹೋಗುತ್ತಿದ್ದೆ. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡು, ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕ ಪಡೆಯುತ್ತಿದ್ದರು. ಆ ಸಾಲಿನ ನಾಲ್ಕು ಪದಗಳಲ್ಲಿ ಮೂರು ಪದಗಳು ಓದುವವರನ್ನು ಬೇರೆಯೇ ದಾರಿಗೆ ಎಳೆದೊಯ್ಯುತ್ತವೆ ಎಂಬುದು ನನಗೆ ಮನದಟ್ಟಾದದ್ದು ನಿವೃತ್ತನಾಗಿ ಮೈಸೂರಿಗೆ ಬಂದು ನೆಲೆಸಿದ ಮೇಲೆ, ಕಳೆದ ತಿಂಗಳು.

ಸಂದರ್ಭವನ್ನು ಹೇಳಿಬಿಡುತ್ತೇನೆ. ಮಂಡ್ಯ ಜಿಲ್ಲೆಯ ಹೈನುಗಾರರಿಗಾಗಿ ಕಾಲುಬಾಯಿ ರೋಗದ ಬಗ್ಗೆ ಒಂದು ಸಣ್ಣ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇವೆ. ರೋಗದ ಲಕ್ಷಣ, ಲಸಿಕೆ, ಆರೈಕೆ ಇವುಗಳ ಭಾಗವನ್ನು ಪಶುವೈದ್ಯರಾಗಿರುವ ಗೆಳೆಯರೊಬ್ಬರು ಬರೆದಿದ್ದಾರೆ. ವೈರಸ್ಸು ದನದ ಮೈಯೊಳಗೆ ಹೊಕ್ಕು ಏನು ಮಾಡುತ್ತದೆ ಎಂಬ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಕರಡನ್ನು ಓದಿ ತೋರಿಸೋಣವೆಂದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಸಂಜೆ ಹಾಲು ಕರೆದು, ಡೈರಿಗೆ ಹಾಕಿ ಬಂದ ಮನೆಯಾಕೆ ಕೊಟ್ಟಿಗೆಯ ಎದುರಿನ ಜಗಲಿಯ ಮೇಲೆ ಕುಳಿತು ಸೀಮೆಹುಲ್ಲಿನ ಕಂತೆಯನ್ನು ಬಿಚ್ಚುತ್ತ ಕೇಳಿಸಿಕೊಳ್ಳುತ್ತಿದ್ದರು. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗಳು ಪಕ್ಕದಲ್ಲಿ ನಿಂತಿದ್ದಳು. ‘ಅಭಿವ್ಯಕ್ತಿಯ ದಮನ’ ಎಂಬಲ್ಲಿಗೆ ಬಂದಾಗ ಆ ಹುಡುಗಿ, “ಸಾರ್, ಅಭಿವ್ಯಕ್ತಿ ಸ್ವಾತಂತ್ರ್ಯ ಅಂತ ಸಮಾಜ ಪಾಠದಲ್ಲಿ ಬರುತ್ತೆ. ಇದೂ ಅದೇನಾ? ವೈರಸ್ಸು ಹಸೀನ ಕೂಗದಂಗೆ ಮಾಡುತ್ತಾ?” ಎಂದು ಕೇಳಿದಳು. ತಾಯಿ ಹುಲ್ಲಿನಿಂದ ತಲೆಯೆತ್ತದೆಯೇ, “ಕೂಗ್ತಿತ್ತು ಕಣವ್ವ, ಮೇವೇ ಮುಟ್ತಿರಲಿಲ್ಲ. ಜೊಲ್ಲು ಸುರಿಸ್ಕಂಡು ನಿಂತಿರೋದು. ಬಾಯಿ ಕಟ್ಟೋಗಿತ್ತು ಅನ್ನಿ ಮೇಷ್ಟ್ರೇ” ಎಂದರು.

ಹುಡುಗಿಯ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಪತ್ರಿಕೆ ಓದುವ ಯಾವ ಕನ್ನಡಿಗರಿಗಾದರೂ ‘ಅಭಿವ್ಯಕ್ತಿ’ಯ ಪಕ್ಕದಲ್ಲಿ ‘ದಮನ’ವನ್ನು ಇಟ್ಟರೆ ನೆನಪಿಗೆ ಬರುವುದು ಮಾತಿನ ಹಕ್ಕು, ಸರ್ಕಾರ, ಲಾಠಿ. ಎರಡು ಪದಗಳೂ ಬಿಡಿಬಿಡಿಯಾಗಿ ಒಳ್ಳೆಯವೇ. ಜೊತೆಗೂಡಿದಾಗ ಅವು ಈಗಾಗಲೇ ಒಂದು ಅರ್ಥಕ್ಕೆ ಮೀಸಲಾಗಿಬಿಟ್ಟಿವೆ. ಆದ್ದರಿಂದ ಪದವನ್ನು ಹುಡುಕುವ ಮೊದಲು ಕ್ರಿಯೆಯನ್ನು ಸರಿಯಾಗಿ ನೋಡಬೇಕೆನಿಸಿತು. ಹಾಗೆ ನೋಡಿದ ಮೇಲೆ ನನಗೆ ಅನ್ನಿಸಿರುವುದೇನೆಂದರೆ, ನಾವು ದಮನವೆಂದು ಕನ್ನಡಿಸುವ ಇಂಗ್ಲಿಷಿನ ‘ಸಪ್ರೆಶನ್’ ಎಂಬ ಒಂದೇ ಕಂಬಳಿಯ ಕೆಳಗೆ ಐದಾರು ಬೇರೆ ಬೇರೆ ಕೆಲಸಗಳು ಮಲಗಿವೆ. ಅವುಗಳಲ್ಲಿ ಒಂದೊಂದಕ್ಕೂ ನಮ್ಮಲ್ಲಿ ಸಲೀಸಾದ ಕ್ರಿಯಾಪದವಿದೆ. ನಾವು ಕಂಬಳಿಯನ್ನು ಅನುವಾದಿಸುವ ಆತುರದಲ್ಲಿ ಆ ಕ್ರಿಯಾಪದಗಳನ್ನು ಕೈಬಿಡುತ್ತಿದ್ದೇವೆ.

ಮೊದಲು ‘ಅಭಿವ್ಯಕ್ತಿ’ಯನ್ನೇ ತೆಗೆದುಕೊಳ್ಳೋಣ. ಡಿಎನ್‌ಎಯಲ್ಲಿರುವ ಜೀನಿನಿಂದ ಎಂಆರ್‌ಎನ್‌ಎ ಎಂಬ ನಕಲು ಸಿದ್ಧವಾಗಿ, ಅದು ಕೋಶಕೇಂದ್ರದಿಂದ ಹೊರಗೆ ಬಂದು, ಕೋಶದ ಪ್ರೋಟೀನು ಯಂತ್ರವಾದ ರೈಬೋಸೋಮಿನ ಮೇಲೆ ಕುಳಿತು, ಅದರಲ್ಲಿ ಬರೆದಿರುವಂತೆ ಪ್ರೋಟೀನು ತಯಾರಾಗುವವರೆಗಿನ ಇಡೀ ಹಾದಿಗೆ ಜೀನ್ ಎಕ್ಸ್‌ಪ್ರೆಶನ್ ಎಂದು ಹೆಸರು. ಬರಹವಾಗಿ ಇದ್ದದ್ದು ವಸ್ತುವಾಗುತ್ತದೆ, ಮೈ ತಳೆಯುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂದದ್ದು 1946ರಲ್ಲಿ. ಎಂಆರ್‌ಎನ್‌ಎ ಎಂಬ ಅಣುವಿನ ಇರವು ಖಚಿತವಾದದ್ದು 1961ರಲ್ಲಿ. ಹಾಗಾಗಿ ಹಿರಿಯರು ಇದಕ್ಕೆ ಪದವನ್ನು ಮಾಡಿಟ್ಟಿರಲು ಸಾಧ್ಯವೇ ಇರಲಿಲ್ಲ, ಈ ಕೆಲಸ ನಮ್ಮ ತಲೆಮಾರಿನದೇ. ನನ್ನ ಸೂಚನೆ ‘ಮೈದೋರಿಕೆ’. ಮೈದೋರು ಎಂಬ ಕ್ರಿಯಾಪದ ಹಳೆಯ ಕಾವ್ಯದಿಂದ ಇಂದಿನ ಸಂಪಾದಕೀಯಗಳವರೆಗೂ ಬಳಕೆಯಲ್ಲಿದೆ. ಒಳಗಿದ್ದದ್ದು ಹೊರಗೆ ಕಾಣಿಸಿಕೊಳ್ಳುವುದು ಎಂಬ ಅರ್ಥ ಯಾರಿಗೂ ತಿಳಿಯುತ್ತದೆ. ಪದದೊಳಗೆ ‘ಮೈ’ ಇರುವುದರಿಂದ, ಬರಹ ಪ್ರೋಟೀನಾಗುವ ಸಂಗತಿಗೆ ಅದು ‘ಅಭಿವ್ಯಕ್ತಿ’ಗಿಂತ ಹತ್ತಿರವಾಗಿದೆ. “ಈ ಜೀನು ಯಕೃತ್ತಿನಲ್ಲಿ ಮೈದೋರುತ್ತದೆ, ಚರ್ಮದಲ್ಲಿ ಮೈದೋರುವುದಿಲ್ಲ” ಎಂದು ಬರೆದು ನೋಡಿದೆ, ವಾಕ್ಯ ಎಡವಲಿಲ್ಲ. ಪಠ್ಯಪುಸ್ತಕದಲ್ಲಿ ಅಭಿವ್ಯಕ್ತಿಯೆಂದೇ ಓದಿದ ಮಕ್ಕಳಿಗಾಗಿ ಮೊದಲ ಸಲ ಎರಡನ್ನೂ ಜೊತೆಯಲ್ಲಿ ಕೊಟ್ಟು, ಆಮೇಲೆ ಮೈದೋರಿಕೆಯನ್ನೇ ಮುಂದುವರಿಸಬಹುದೆಂದು ನನ್ನ ಎಣಿಕೆ. (ಪ್ರತಿಲೇಖನ, ಅನುವಾದ ಎಂಬ ಮತ್ತೆರಡು ಪಾರಿಭಾಷಿಕಗಳ ತಂಟೆಗೆ ಇಲ್ಲಿ ಹೋಗುವುದಿಲ್ಲ, ಕೈಪಿಡಿಯಲ್ಲಿ ‘ನಕಲೆತ್ತುವುದು’ ಮತ್ತು ‘ಪ್ರೋಟೀನು ಕಟ್ಟುವುದು’ ಎಂದು ಸರಳವಾಗಿ ಬರೆದಿದ್ದೇನೆ.)

ಇನ್ನು ವೈರಸ್ಸಿನ ಕೆಲಸ. ಕಾಲುಬಾಯಿ ರೋಗದ ವೈರಸ್ಸನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ, ಏಕೆಂದರೆ ನಮ್ಮ ಓದುಗರಿಗೆ ಅದು ಮನೆಯ ಮಾತು; ಅಲ್ಲದೆ ಪ್ರಾಣಿಗಳಿಗೆ ರೋಗ ತರುವ ವೈರಸ್ಸುಗಳ ಪೈಕಿ ಮನುಷ್ಯರಿಗೆ ಮೊತ್ತಮೊದಲು ಗೊತ್ತಾದದ್ದೂ ಅದೇ. 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಇಬ್ಬರೂ ಸೇರಿ, ಬ್ಯಾಕ್ಟೀರಿಯಾಗಳನ್ನು ತಡೆದು ನಿಲ್ಲಿಸುವ ಸೋಸುಕದ ಮೂಲಕ ಹಾಯ್ದುಬಂದ ದ್ರವವೂ ಈ ರೋಗವನ್ನು ಹರಡುತ್ತದೆಂದು ತೋರಿಸಿದರು. ಈ ವೈರಸ್ಸಿನ ಆಸ್ತಿಯೆಲ್ಲ ಸುಮಾರು 8,400 ಅಕ್ಷರಗಳ ಒಂದೇ ಒಂದು ಆರ್‌ಎನ್‌ಎ ಎಳೆ. ಅಷ್ಟು ಚಿಕ್ಕ ಓಲೆಯನ್ನು ಹಿಡಿದುಕೊಂಡು ಬಂದದ್ದು ಕೆಲವೇ ಗಂಟೆಗಳಲ್ಲಿ ಕೋಶದ ಸ್ವಂತ ಪ್ರೋಟೀನು ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ.

ಹೇಗೆಂದರೆ, ಕೋಶದ ಎಂಆರ್‌ಎನ್‌ಎಗಳ ತುದಿಯಲ್ಲಿ ಒಂದು ವಿಶೇಷ ರಾಸಾಯನಿಕ ಗುರುತು ಇರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಕ್ಯಾಪ್’ ಎನ್ನುತ್ತಾರೆ. ಅದನ್ನು ‘ಟೋಪಿ’ ಎಂದು ಕನ್ನಡಿಸಿದವರಿದ್ದಾರೆ. ಆದರೆ ನಮ್ಮಲ್ಲಿ ಟೋಪಿಯ ಸುತ್ತ ‘ಟೋಪಿ ಹಾಕು’ ಎಂಬ ಮೋಸದ ಅರ್ಥ ಬಲವಾಗಿ ಬೆಳೆದಿರುವುದರಿಂದ, ವೈರಸ್ಸು ಟೋಪಿ ಹಾಕಿತು, ಟೋಪಿ ಕದ್ದಿತು ಎಂದು ಬರೆದಾಗ ಯಾವುದು ರಸಾಯನ, ಯಾವುದು ನುಡಿಗಟ್ಟು ಎಂಬುದು ಓದುವವರಿಗೆ ತಿಳಿಯದು. ಇದಕ್ಕೆ ‘ತಲೆಕಟ್ಟು’ ಎಂದರೆ ಹೇಗೆ ಎಂದು ಕೇಳುತ್ತಿದ್ದೇನೆ. ಅಕ್ಷರಾಭ್ಯಾಸದಲ್ಲಿ ನಾವೆಲ್ಲ ತಲೆಕಟ್ಟು, ಇಳಿ, ಕೊಂಬು ಎಂದು ಕಲಿತವರೇ. ತಲೆಕಟ್ಟಿಲ್ಲದೆ ‘ಕ’ ಎಂಬ ಅಕ್ಷರ ಹೇಗೆ ಪೂರ್ಣವಾಗುವುದಿಲ್ಲವೋ ಹಾಗೆಯೇ ಈ ಗುರುತಿಲ್ಲದ ಎಂಆರ್‌ಎನ್‌ಎಯನ್ನು ಕೋಶವು ಸಾಮಾನ್ಯವಾಗಿ ಓದಿಕೊಳ್ಳುವುದಿಲ್ಲ. ಅಣುವನ್ನು ಬರಹವೆಂದು, ಅದರ ಘಟಕಗಳನ್ನು ಅಕ್ಷರಗಳೆಂದು ಕರೆಯುವ ರೂಢಿ ಹೇಗೂ ಇರುವುದರಿಂದ ತಲೆಕಟ್ಟು ಅದೇ ಕುಟುಂಬದ ಪದವಾಗುತ್ತದೆ.

ಈ ತಲೆಕಟ್ಟನ್ನು ಹಿಡಿದುಕೊಂಡು ಎಂಆರ್‌ಎನ್‌ಎಯನ್ನು ರೈಬೋಸೋಮಿನ ಬಳಿಗೆ ತಂದು ಸೇರಿಸುವ ಪ್ರೋಟೀನುಗಳ ತಂಡದಲ್ಲಿ ಇಐಎಫ್4ಜಿ ಎಂಬುದೊಂದಿದೆ. ಅದರ ಒಂದು ಬದಿ ತಲೆಕಟ್ಟು ಹಿಡಿದ ಜೊತೆಗಾರನನ್ನು, ಇನ್ನೊಂದು ಬದಿ ರೈಬೋಸೋಮಿನ ಕಡೆಯವರನ್ನು ಹಿಡಿದಿರುತ್ತದೆ. ನೊಗ ಎತ್ತುಗಳನ್ನೂ ಗಾಡಿಯ ಮೂಕಿಯನ್ನೂ ಕೂಡಿಸಿದ ಹಾಗೆ. ಕಾಲುಬಾಯಿ ವೈರಸ್ಸಿನ ಎಲ್ ಪ್ರೋಟಿಯೇಸ್ ಎಂಬ ಕಿಣ್ವವು ಈ ಇಐಎಫ್4ಜಿಯನ್ನು ನಡುವೆ ಕತ್ತರಿಸುತ್ತದೆ. ಅಲ್ಲಿಗೆ ತಲೆಕಟ್ಟಿನ ದಾರಿ ಮುಗಿಯಿತು. ವೈರಸ್ಸಿನ ಆರ್‌ಎನ್‌ಎಗೆ ತಲೆಕಟ್ಟೇ ಇಲ್ಲ. ಅದು ತನ್ನೊಳಗಿನ ಮಡಿಕೆಮಡಿಕೆಯಾದ ಒಂದು ಭಾಗದಲ್ಲಿ ರೈಬೋಸೋಮನ್ನು ನೇರವಾಗಿ ಇಳಿಸಿಕೊಳ್ಳುತ್ತದೆ, ಮತ್ತು ಹಾಗೆ ಇಳಿಸಿಕೊಳ್ಳಲು ಕತ್ತರಿಸಿ ಉಳಿದ ಇಐಎಫ್4ಜಿಯ ತುಂಡನ್ನೇ ಬಳಸಿಕೊಳ್ಳುತ್ತದೆ. ಇದೇ ಬಳಗದ ಪೋಲಿಯೋ ವೈರಸ್ಸು 2ಎ ಎಂಬ ಇನ್ನೊಂದು ಕಿಣ್ವದಿಂದ ಅದೇ ಇಐಎಫ್4ಜಿಯನ್ನು ಕತ್ತರಿಸುತ್ತದೆ. ತಲೆಕಟ್ಟಿಲ್ಲದ ಈ ಒಳದಾರಿ ಬೆಳಕಿಗೆ ಬಂದದ್ದು 1988ರಲ್ಲಿ, ಪೋಲಿಯೋ ಮತ್ತು ಅದರ ದಾಯಾದಿ ವೈರಸ್ಸೊಂದರ ಅಧ್ಯಯನದಿಂದ. ಬೀದಿಬಾಗಿಲ ಮೆಟ್ಟಿಲನ್ನು ಕಿತ್ತುಹಾಕಿ, ತಾನು ಮಾತ್ರ ಹಿತ್ತಿಲ ಬಾಗಿಲಿನಿಂದ ಓಡಾಡುವವನ ಕೆಲಸವಿದು.

ಇಲ್ಲಿ ವೈರಸ್ಸು ಮಾಡಿದ್ದು ಕತ್ತರಿಸುವ ಕೆಲಸ. ಇದನ್ನು ‘ದಮನ’ ಎಂದಾಗ ಕತ್ತರಿಯೂ ಕಾಣುವುದಿಲ್ಲ, ಕತ್ತರಿಸಿದ್ದು ಏನನ್ನು ಎಂಬುದೂ ಕಾಣುವುದಿಲ್ಲ.

ಬೇರೆ ವೈರಸ್ಸುಗಳದು ಬೇರೆ ರೀತಿ. ಇನ್‌ಫ್ಲುಯೆಂಜಾ ವೈರಸ್ಸು ಕೋಶಕೇಂದ್ರದೊಳಗೆ ಆಗತಾನೆ ತಯಾರಾಗುತ್ತಿರುವ ಎಂಆರ್‌ಎನ್‌ಎಗಳ ತಲೆಕಟ್ಟನ್ನು ಅದರ ಪಕ್ಕದ 10-13 ಅಕ್ಷರಗಳ ಸಮೇತ ಕತ್ತರಿಸಿಕೊಂಡು ತನ್ನ ಎಂಆರ್‌ಎನ್‌ಎಗೆ ಅಂಟಿಸಿಕೊಳ್ಳುತ್ತದೆ. ಇದಕ್ಕೆ ‘ತಲೆಕಟ್ಟು ಕಸಿಯುವುದು’ ಎಂದರೆ ಸಾಕು, ಬೇರೆ ವಿವರಣೆ ಬೇಡ. ಅದೇ ವೈರಸ್ಸಿನ ಎನ್‌ಎಸ್1 ಪ್ರೋಟೀನು ಕೋಶದ ಎಂಆರ್‌ಎನ್‌ಎಗಳ ಬಾಲದ ಕಡೆಯ ಕೆಲಸ ಪೂರ್ತಿಯಾಗದಂತೆ ತಡೆಯುತ್ತದೆ. 2012ರಲ್ಲಿ ಪತ್ತೆಯಾದ ಪಿಎ-ಎಕ್ಸ್ ಎಂಬ ಇನ್ನೊಂದು ಪ್ರೋಟೀನು ಎಂಆರ್‌ಎನ್‌ಎಗಳನ್ನು ತುಂಡರಿಸುತ್ತದೆ. ತುಟಿಯ ಮೇಲೆ ಗುಳ್ಳೆ ತರುವ ಹರ್ಪಿಸ್ ವೈರಸ್ಸು ಎಂಆರ್‌ಎನ್‌ಎ ಕತ್ತರಿಸುವ ಪ್ರೋಟೀನನ್ನು ಕೋಶದಲ್ಲಿ ತಯಾರಿಸಿಕೊಳ್ಳುವವರೆಗೂ ಕಾಯುವುದಿಲ್ಲ, ತನ್ನ ಕಣದಲ್ಲೇ ಕಟ್ಟಿಕೊಂಡು ಬಂದಿರುತ್ತದೆ. ದನಕುದುರೆಗಳ ಬಾಯಲ್ಲಿ ಬೊಬ್ಬೆ ಎಬ್ಬಿಸುವ ಅಮೆರಿಕ ಖಂಡಗಳ ಇನ್ನೊಂದು ವೈರಸ್ಸು ಎಂಆರ್‌ಎನ್‌ಎಗಳನ್ನು ಮುಟ್ಟುವುದೇ ಇಲ್ಲ, ಅವು ಕೋಶಕೇಂದ್ರದಿಂದ ಹೊರಗೆ ಬರುವ ರಂಧ್ರದಲ್ಲಿ ಅಡ್ಡಗಟ್ಟುತ್ತದೆ. ಕೋವಿಡ್ ತಂದ ವೈರಸ್ಸಿನ ಎನ್‌ಎಸ್‌ಪಿ1 ಪ್ರೋಟೀನಿನ ತುದಿ, ರೈಬೋಸೋಮಿನ ಚಿಕ್ಕ ಭಾಗದಲ್ಲಿ ಎಂಆರ್‌ಎನ್‌ಎ ಒಳಹೋಗುವ ಕಾಲುವೆಗೇ ಸಿಕ್ಕಿಕೊಂಡು ಕೂರುತ್ತದೆಂದು 2020ರಲ್ಲಿ ಗೊತ್ತಾಯಿತು; ಸೀಸೆಯ ಬಾಯಿಗೆ ಬಿರಡೆ ಜಡಿದಂತೆ ಎಂದು ಬರೆದರೆ ಕಣ್ಣಿಗೆ ಕಟ್ಟುತ್ತದೆ. ವೈರಸ್ಸಿನ ಸ್ವಂತ ಎಂಆರ್‌ಎನ್‌ಎಗಳ ಆರಂಭದಲ್ಲಿರುವ ಒಂದು ಸಣ್ಣ ಮಡಿಕೆ ಅವುಗಳನ್ನು ಮಾತ್ರ ಈ ಬಿರಡೆಯಿಂದ ಪಾರುಮಾಡುತ್ತದೆ.

ಕತ್ತರಿಸು, ಕಸಿ, ತುಂಡರಿಸು, ಅಡ್ಡಗಟ್ಟು, ಬಿರಡೆ ಜಡಿ. ಇವೆಲ್ಲ ನಾವು ದಿನವೂ ಆಡುವ ಮಾತುಗಳು. ಆಯಾ ಜಾಗದಲ್ಲಿ ಇವನ್ನೇ ಬಳಸಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಇಡೀ ಗುಂಪಿಗೆ ಒಂದು ಹೆಸರು ಬೇಕೇಬೇಕು, ಅಧ್ಯಾಯದ ತಲೆಬರಹಕ್ಕಾದರೂ ಬೇಕು. ನಾನು ತೂಗಿ ನೋಡಿದ ಪದಗಳನ್ನು ನಿಮ್ಮ ಮುಂದಿಡುತ್ತೇನೆ.

‘ಹತ್ತಿಕ್ಕು’ ಎಂಬುದು ಬಲವಾದ ಪದವೇ ಹೌದು. ಆದರೆ ನಾವು ಹತ್ತಿಕ್ಕುವುದು ದಂಗೆಯನ್ನು. ಹತ್ತಿಕ್ಕುವವನು ಅಧಿಕಾರದಲ್ಲಿರುವವನು, ಹತ್ತಿಕ್ಕಿಸಿಕೊಳ್ಳುವವನು ಅವನ ಕೆಳಗಿನವನು ಎಂಬ ಏರ್ಪಾಟು ಪದದೊಳಗೇ ಕೂತಿದೆ. ಇಲ್ಲಿ ನುಗ್ಗಿದವನು ವೈರಸ್ಸು, ಮನೆ ಕೋಶದ್ದು. ‘ದಮನ’ಕ್ಕೂ ಇದೇ ತೊಡಕು.

‘ಅದುಮು’ ಎಂದರೆ ಕೈಯಿಂದ ಒತ್ತಿ ಹಿಡಿಯುವುದು. ಅದುಮಿಟ್ಟ ದುಃಖ, ಅದುಮಿಟ್ಟ ಸಿಟ್ಟು ಎನ್ನುತ್ತೇವೆ. ಕೈ ತೆಗೆದರೆ ಅದು ಮೇಲಕ್ಕೆ ಚಿಮ್ಮುತ್ತದೆ ಎಂಬ ನಿರೀಕ್ಷೆ ಅದರಲ್ಲಿದೆ. ಬಿರಡೆ ಜಡಿಯುವ ಎನ್‌ಎಸ್‌ಪಿ1ರ ಮಟ್ಟಿಗೆ ಇದು ಹೊಂದಬಹುದಿತ್ತೇನೋ, ಆದರೆ ಎಂಆರ್‌ಎನ್‌ಎ ತುಂಡುತುಂಡಾದ ಮೇಲೆ ಚಿಮ್ಮುವುದಕ್ಕೆ ಏನೂ ಉಳಿದಿರುವುದಿಲ್ಲ.

‘ನಿಗ್ರಹ’ವನ್ನು ನಾನು ಈ ಕೆಲಸಕ್ಕೆ ಬಳಸಬಾರದೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಅದು ಇನ್ನೊಂದು ಕೆಲಸಕ್ಕೆ ಬೇಕು. ಇಂದ್ರಿಯ ನಿಗ್ರಹ ಎಂಬಲ್ಲಿ ತನ್ನನ್ನು ತಾನೇ ಹಿಡಿತದಲ್ಲಿಟ್ಟುಕೊಳ್ಳುವ ಭಾವವಿದೆ. ಕರುಳಿನ ಬ್ಯಾಕ್ಟೀರಿಯಾವೊಂದು ಹಾಲಿನ ಸಕ್ಕರೆ ಸಿಗದಿದ್ದಾಗ ಅದನ್ನು ಅರಗಿಸುವ ಜೀನುಗಳನ್ನು ತಾನೇ ತಡೆದಿಟ್ಟುಕೊಳ್ಳುತ್ತದೆಂದು ಫ್ರಾನ್ಸಿನ ವಿಜ್ಞಾನಿಗಳಾದ ಜಾಕೋಬ್ ಮತ್ತು ಮೊನೋ 1961ರಲ್ಲಿ ವಿವರಿಸಿದರಲ್ಲ, ಆ ‘ರಿಪ್ರೆಶನ್’ಗೆ ನಿಗ್ರಹ ಎಂಬುದು ಅಚ್ಚುಕಟ್ಟಾಗಿ ಕೂರುತ್ತದೆ. ಕೋಶ ತನ್ನ ಹಿತಕ್ಕಾಗಿ ತಾನೇ ಮಾಡಿಕೊಳ್ಳುವುದಕ್ಕೂ ಹೊರಗಿನದು ನುಗ್ಗಿ ಮಾಡುವುದಕ್ಕೂ ಒಂದೇ ಪದವಿಟ್ಟರೆ, ವಿದ್ಯಾರ್ಥಿಗೆ ಮುಖ್ಯವಾದ ವ್ಯತ್ಯಾಸವೇ ತಪ್ಪಿಹೋಗುತ್ತದೆ.

‘ಅಡಗಿಸು’ ನನಗೆ ಬಹಳ ದಿನ ಪ್ರಿಯವಾಗಿತ್ತು. ಮೈದೋರು, ಅಡಗು ಇವು ಒಂದಕ್ಕೊಂದು ಎದುರಾದ ಜೋಡಿ. ಸೊಕ್ಕಡಗಿಸು, ಸದ್ದಡಗಿಸು ಎಂಬ ಬಳಕೆಗಳೂ ಇವೆ. ಆದರೆ ಹರ್ಪಿಸ್‌ನಂಥ ವೈರಸ್ಸುಗಳು ನರಕೋಶಗಳಲ್ಲಿ ವರ್ಷಗಟ್ಟಲೆ ಅಡಗಿ ಕೂರುತ್ತವೆ. “ಅಡಗಿದ ವೈರಸ್ಸು ಜೀನನ್ನು ಅಡಗಿಸಿತು” ಎಂದು ಒಂದು ಸಲ ಬರೆದು ನೋಡಿದೆ. ನನಗೇ ಎರಡು ಸಲ ಓದಬೇಕಾಯಿತು.

‘ಮೌನ’ದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಜೀನ್ ಸೈಲೆನ್ಸಿಂಗ್ ಎಂಬುದನ್ನು ‘ಜೀನ್ ಮೌನಗೊಳಿಸುವಿಕೆ’ ಎಂದು ಬರೆಯುವುದು ಆರಂಭವಾಗಿದೆ, ಅದು ಇರಲಿ. ಆದರೆ ಅದು ಹೆಚ್ಚಾಗಿ ಆತಿಥೇಯದ ಆಯುಧ, ವೈರಸ್ಸಿನದಲ್ಲ. ಗಿಡದೊಳಗೆ ವೈರಸ್ಸು ಬಂದಾಗ, ಗಿಡ ವೈರಸ್ಸಿನ ಆರ್‌ಎನ್‌ಎಯನ್ನು ಚಿಕ್ಕ ಚಿಕ್ಕ ಚೂರುಗಳಾಗಿ ಕತ್ತರಿಸಿ, ಆ ಚೂರುಗಳ ಗುರುತಿನಿಂದಲೇ ಉಳಿದ ವೈರಸ್ ಆರ್‌ಎನ್‌ಎಗಳನ್ನೂ ಹುಡುಕಿ ಕತ್ತರಿಸುತ್ತದೆ. ಮೈಸೂರು ಸೀಮೆಯ ತೋಟಗಳಲ್ಲಿ ಪರಂಗಿ ಹಣ್ಣಿನ ಮೇಲೆ ಉಂಗುರದಂಥ ಗುರುತುಗಳನ್ನೂ ಎಲೆಯಲ್ಲಿ ಹಳದಿ ಮಚ್ಚೆಗಳನ್ನೂ ಕಂಡಿರುತ್ತೀರಿ. ಆ ರೋಗ ತರುವ ವೈರಸ್ಸು, ಕಬ್ಬಿನ ಎಲೆಯಲ್ಲಿ ಮೊಸಾಯಿಕ್ ತರುವ ವೈರಸ್ಸು ಇವೆರಡೂ ಒಂದೇ ಬಳಗದವು, ಮತ್ತು ಈ ಬಳಗದ ಎಚ್‌ಸಿ-ಪ್ರೋ ಎಂಬ ಪ್ರೋಟೀನು ಗಿಡದ ಈ ರಕ್ಷಣೆಯನ್ನು ಕೆಡಿಸುತ್ತದೆ. ಇಂಗ್ಲಿಷಿನಲ್ಲಿ ಅದು ‘ಸೈಲೆನ್ಸಿಂಗ್ ಸಪ್ರೆಸರ್’. ಕನ್ನಡದಲ್ಲಿ ‘ಮೌನ ದಮನಕ’ ಎಂದರೆ ಯಾರಿಗೂ ಏನೂ ತಿಳಿಯದು. ‘ಮೌನ ಮುರಿಯುವ ಪ್ರೋಟೀನು’ ಎಂದರೆ ತಿಳಿಯುತ್ತದೆ, ಏಕೆಂದರೆ ಮೌನ ಮುರಿಯುವುದು ನಮ್ಮ ನುಡಿಯಲ್ಲಿ ಮೊದಲೇ ಇದೆ. ಇಲ್ಲಿ ಇಂಗ್ಲಿಷಿನ ಸಪ್ರೆಸ್ ಎಂಬುದಕ್ಕೆ ಮುರಿ ಎಂಬುದು ಸರಿಯಾದ ಪದವಾಯಿತು. ಹಿಂದಿನ ಉದಾಹರಣೆಗಳಲ್ಲಿ ಕತ್ತರಿಸು, ಅಡ್ಡಗಟ್ಟು ಸರಿಯಾಗಿದ್ದವು. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಎಂಬ ಹಟವನ್ನು ನಾವು ಬಿಡಬೇಕೆಂದು ನಾನು ಹೇಳುವುದು ಇಂಥ ಕಡೆಗಳಲ್ಲಿ.

‘ಸ್ಥಗಿತ’, ‘ಮುಚ್ಚುಗಡೆ’, ‘ಬಂದ್’ ಇವು ಮೂರಕ್ಕೂ ಒಂದೇ ಕೊರತೆ. ಮಂಡ್ಯದಲ್ಲಿ ಕಾರ್ಖಾನೆ ಮುಚ್ಚುಗಡೆಯಾಯಿತೆಂದರೆ ಚಿಮಣಿಯಲ್ಲಿ ಹೊಗೆಯಿಲ್ಲ, ಕಬ್ಬಿನ ಗಾಡಿಯಿಲ್ಲ, ಯಂತ್ರ ತಿರುಗುವುದಿಲ್ಲ ಎಂದೇ ಜನ ತಿಳಿಯುತ್ತಾರೆ. ಸೋಂಕಿದ ಕೋಶದಲ್ಲಿ ಹಾಗಲ್ಲ. ರೈಬೋಸೋಮುಗಳು ತಿರುಗುತ್ತಲೇ ಇರುತ್ತವೆ, ಶಕ್ತಿ ವ್ಯಯವಾಗುತ್ತಲೇ ಇರುತ್ತದೆ, ಪ್ರೋಟೀನು ತಯಾರಾಗುತ್ತಲೇ ಇರುತ್ತದೆ. ಆದರೆ ತಯಾರಾಗುವುದು ವೈರಸ್ಸಿನದು.

ಆ ತಾಯಿ ಹೇಳಿದ ‘ಬಾಯಿ ಕಟ್ಟುವುದು’ ಎಂಬಲ್ಲಿಯ ‘ಕಟ್ಟು’ ಎಂಬ ಪದ ನನ್ನನ್ನು ಬಹಳ ಹೊತ್ತು ಕಾಡಿತು. ತಡೆಯುವುದು, ನಿಲ್ಲಿಸುವುದು ಎಂಬ ಅರ್ಥ ಅದಕ್ಕೆ ಚೆನ್ನಾಗಿದೆ: ಉಸಿರು ಕಟ್ಟಿತು, ಮೂಗು ಕಟ್ಟಿತು. ಆದರೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ‘ಗದ್ದೆಗೆ ನೀರು ಕಟ್ಟಿದೆ’ ಎಂದರೆ ನೀರು ಹಾಯಿಸಿದೆ ಎಂದರ್ಥ. ‘ಕಟ್ಟು ಪದ್ಧತಿ’ಯಲ್ಲಿ ನೀರು ಬಿಡುತ್ತಾರೆ ಎಂದರೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರೆ ಎಂದರ್ಥ. ನಮ್ಮದೇ ಓದುಗರಿಗೆ ಕಟ್ಟು ಎಂಬುದು ನಿಲ್ಲಿಸುವುದೂ ಹೌದು, ಹರಿಸುವುದೂ ಹೌದು. ಜೊತೆಗೆ ‘ಪ್ರೋಟೀನು ಕಟ್ಟುವುದು’ ಎಂದು ನಾನೇ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಬಿಟ್ಟೆ.

‘ಆತಿಥೇಯ’ದ ಬಗ್ಗೆ ಎರಡು ಮಾತು. ಅತಿಥಿಗೆ ಎಲೆ ಹಾಕಿ ಬಡಿಸುವವನು ಆತಿಥೇಯ. ಕರೆಯದೆ ಬಂದು, ಉಂಡ ಮನೆಯ ಜಂತೆ ಎಣಿಸುವುದಷ್ಟೇ ಅಲ್ಲದೆ ಜಂತೆಯನ್ನೇ ಕತ್ತರಿಸುವವನ ಎದುರಿಗೆ ಸಿಕ್ಕಿಬಿದ್ದ ಕೋಶವನ್ನು ಆತಿಥೇಯವೆಂದು ಕರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಕೀಟಗಳು ಬೆಳೆಯಿಲ್ಲದ ಕಾಲದಲ್ಲಿ ಉಳಿದುಕೊಳ್ಳುವ ಕಳೆಗಳಿಗೆ ‘ಆಸರೆ ಗಿಡ’ ಎನ್ನುವುದನ್ನು ರೈತರ ಬಾಯಲ್ಲಿ ಕೇಳಿದ್ದೇನೆ. ಅದರಂತೆ ‘ಆಸರೆ ಕೋಶ’ ಎಂದಿಟ್ಟುಕೊಂಡಿದ್ದೇನೆ. ಆಸರೆ ಕೊಟ್ಟದ್ದೋ, ಕಿತ್ತುಕೊಂಡದ್ದೋ ಎಂಬುದನ್ನು ಆ ಪದ ಹೇಳುವುದಿಲ್ಲ. ಅಷ್ಟರಮಟ್ಟಿಗೆ ಅದು ಮೇಲು. ಹಾಗೆಯೇ ‘ವೈರಸ್ಸು’ ಎಂಬುದನ್ನು ‘ನಂಜಾಣು’ ಮಾಡಬೇಕೆಂದು ಗೆಳೆಯರ ಒತ್ತಾಯ. ಲ್ಯಾಟಿನ್ನಿನಲ್ಲಿ ವೈರಸ್ ಎಂದರೆ ನಂಜು ಎಂಬುದೂ ನಿಜ, ನಂಜುಂಡನ ನಂಜನಗೂಡು ಮೈಸೂರಿನ ಪಕ್ಕದಲ್ಲೇ ಇರುವುದರಿಂದ ನಂಜು ಎಂದರೇನೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ ಎಂಬುದೂ ನಿಜ. ಆದರೆ ‘ಗಾಯಕ್ಕೆ ನಂಜಾಯಿತು’ ಎನ್ನುವಾಗ ಅದು ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಕೆಲಸ. ದನದ ಗೊರಸಿನ ಸಂದಿನ ಹುಣ್ಣಿಗೆ ಆಮೇಲೆ ಬ್ಯಾಕ್ಟೀರಿಯಾ ಸೇರಿ ನಂಜಾಗುವುದೂ ಉಂಟಾದ್ದರಿಂದ, ನಮ್ಮ ಕೈಪಿಡಿಯ ಮಟ್ಟಿಗೆ ವೈರಸ್ಸು ವೈರಸ್ಸಾಗಿಯೇ ಇರಲಿ ಎಂಬುದು ನನ್ನ ತೀರ್ಮಾನ.

ಈಗ ನನಗೆ ಹೊಳೆದಿರುವ ಹೋಲಿಕೆಯನ್ನು ಹೇಳುತ್ತೇನೆ, ಪದ ಇನ್ನೂ ಸಿಕ್ಕಿಲ್ಲ. ಆ ಹಳ್ಳಿಯಿಂದ ಹಿಂದಿರುಗುವಾಗ ದಾರಿಯಲ್ಲಿ ಒಂದು ಆಲೆಮನೆಯ ಬಳಿ ನಿಂತೆ. ಒಬ್ಬಾತ ಗಾಣಕ್ಕೆ ಎರಡೆರಡು ಜಲ್ಲೆ ಕಬ್ಬು ಕೊಡುತ್ತಿದ್ದ. ಇನ್ನೊಬ್ಬ ಒಣಗಿದ ಸಿಪ್ಪೆಯನ್ನು ಒಲೆಯ ಬಾಯಿಗೆ ತುರುಕುತ್ತಿದ್ದ. ಕೊಪ್ಪರಿಗೆಯಲ್ಲಿ ಪಾಕ ಉಕ್ಕಿ ಬರುತ್ತಿತ್ತು. ಗಾಣ, ಒಲೆ, ಕೊಪ್ಪರಿಗೆ, ಆಳು ಯಾವುದಕ್ಕೂ ಕಬ್ಬು ಯಾರ ಗದ್ದೆಯದೆಂದು ಗೊತ್ತಾಗುವುದಿಲ್ಲ, ಕೊಟ್ಟದ್ದನ್ನು ಅರೆಯುತ್ತವೆ, ಕಾಯಿಸುತ್ತವೆ. ರೈಬೋಸೋಮೂ ಹಾಗೆಯೇ; ಅದಕ್ಕೆ ಓಲೆ ಯಾರದೆಂದು ತಿಳಿಯದು. ಆಲೆಮನೆಯ ಒಡೆಯನ ಕಬ್ಬು ಹೊರಗೆ ಬದುವಿನ ಮೇಲೆ ಬಿದ್ದು ಒಣಗುತ್ತಿರಲು, ಹೊರಗಿನಿಂದ ಬಂದವನು ತನ್ನ ಹೊರೆಯನ್ನು ಗಾಣಕ್ಕೆ ಕೊಡುತ್ತ ರಾತ್ರಿಯೆಲ್ಲ ಬೆಲ್ಲ ಮಾಡಿಕೊಂಡು ಹೋದನೆಂದು ಬರೆದರೆ, ಆ ಜಗಲಿಯ ಮೇಲಿನ ತಾಯಿಗೆ ಒಂದೂ ಪಾರಿಭಾಷಿಕವಿಲ್ಲದೆ ವಿಷಯ ಮುಟ್ಟುತ್ತದೆ.

ಇಷ್ಟಕ್ಕೂ ವೈರಸ್ಸಿಗೆ ಇದರಿಂದ ಇನ್ನೂ ಒಂದು ಲಾಭವಿದೆ, ಪದದಲ್ಲಿ ಅದೂ ಧ್ವನಿಸಿದರೆ ಒಳ್ಳೆಯದು. ವೈರಸ್ಸು ನುಗ್ಗಿದ್ದು ತಿಳಿದ ಕೂಡಲೇ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಮಾಡಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ಕೋಶದ ಸ್ವಂತ ತಯಾರಿಕೆ ನಿಂತರೆ ಈ ಕೂಗು ಏಳುವುದಿಲ್ಲ. ಕಾಲುಬಾಯಿ ವೈರಸ್ಸಿನಿಂದ ಎಲ್ ಪ್ರೋಟಿಯೇಸಿನ ಭಾಗವನ್ನು ತೆಗೆದುಹಾಕಿ ದನಗಳಿಗೆ ಸೋಂಕಿಸಿದ ಪ್ರಯೋಗಗಳಲ್ಲಿ ವೈರಸ್ಸಿನ ಉಪಟಳ ಬಹಳ ತಗ್ಗಿತು. ಇಂಟರ್‌ಫೆರಾನನ್ನು ತಡೆಯುವ ಬಲ ಅದಕ್ಕೆ ಕುಂದಿತ್ತು. ಹಾಗೆ ನೋಡಿದರೆ ಆ ಹುಡುಗಿ ಕೇಳಿದ “ಕೂಗದಂಗೆ ಮಾಡುತ್ತಾ?” ಎಂಬ ಪ್ರಶ್ನೆ ಹಸುವಿನ ಮಟ್ಟಿಗೆ ಅಲ್ಲದಿದ್ದರೂ ಕೋಶದ ಮಟ್ಟಿಗೆ ಸರಿಯಾಗಿಯೇ ಇತ್ತು. ಅಂದು ಅವಳಿಗೆ “ಅಲ್ಲಮ್ಮ, ಅದು ಬೇರೆ” ಎಂದು ಹೇಳಿ ಬಂದೆ. ಮುಂದಿನ ವಾರ ಹೋಗಿ ಅದನ್ನು ತಿದ್ದಬೇಕು.

ಸದ್ಯಕ್ಕೆ ಕರಡಿನ ತಲೆಬರಹದಲ್ಲಿ ‘ಆಸರೆ ಕೋಶದ ಮೈದೋರಿಕೆ ತಡೆ’ ಎಂದು ಬರೆದಿದ್ದೇನೆ. ಅರ್ಥ ತಪ್ಪಿಲ್ಲ, ಆದರೆ ‘ತಡೆ’ ಎಂಬಲ್ಲಿ ಯಂತ್ರ ಇನ್ನೊಬ್ಬರಿಗಾಗಿ ತಿರುಗುತ್ತಿದೆ ಎಂಬ ಸುಳಿವಿಲ್ಲ. ‘ಒಕ್ಕಲೆಬ್ಬಿಸುವಿಕೆ’ ಎಂಬುದನ್ನು ಯೋಚಿಸಿದೆ. ಮನೆ ನಿಂತಿದೆ, ಒಲೆ ಉರಿಯುತ್ತಿದೆ, ಮನೆಯವರು ಬೀದಿಯಲ್ಲಿದ್ದಾರೆ ಎಂಬ ಚಿತ್ರ ಅದರಲ್ಲಿದೆ. ಆದರೆ ಒಡೆಯ ಒಕ್ಕಲನ್ನು ಎಬ್ಬಿಸುವುದು ರೂಢಿ, ಬಂದವನು ಒಡೆಯನನ್ನು ಎಬ್ಬಿಸುವುದಕ್ಕೆ ಅದು ಒಗ್ಗುತ್ತದೆಯೇ ಎಂಬ ಸಂಕೋಚವಿದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮೈದೋರಿಕೆ, ತಲೆಕಟ್ಟು, ಆಸರೆ ಕೋಶ ಈ ಮೂರು ಪದಗಳಿಗೆ ನಿಮ್ಮ ಒಪ್ಪಿಗೆಯೋ ಆಕ್ಷೇಪಣೆಯೋ ಇದ್ದರೆ ತಿಳಿಸಿ. ವಿಶೇಷವಾಗಿ ತಲೆಕಟ್ಟನ್ನು ಈಗಾಗಲೇ ಬೇರೆ ಶಾಸ್ತ್ರದಲ್ಲಿ ಬೇರೆ ಅರ್ಥಕ್ಕೆ ಬಳಸಿದವರಿದ್ದರೆ ಹೇಳಿ. ಇನ್ನೊಂದು ಪ್ರಶ್ನೆ ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ತಿ. ನರಸೀಪುರದ ಕಡೆಯವರಿಗೆ. ಬಾಡಿಗೆಯ ಆಲೆಮನೆಯಲ್ಲಿ ಒಬ್ಬರ ಸರದಿಯನ್ನು ತಪ್ಪಿಸಿ ಇನ್ನೊಬ್ಬರು ತಮ್ಮ ಕಬ್ಬನ್ನು ಅರೆಸಿಕೊಳ್ಳುವುದಕ್ಕೆ, ಅಥವಾ ರಾತ್ರಿ ಹೊತ್ತು ಪಕ್ಕದವರ ಮಡೆಗೆ ಮಣ್ಣು ಕೊಟ್ಟು ಅವರ ಸರದಿಯ ನೀರನ್ನು ತಮ್ಮ ಗದ್ದೆಗೆ ತಿರುಗಿಸಿಕೊಳ್ಳುವುದಕ್ಕೆ ಒಂದೇ ಮಾತಿನ ಹೆಸರು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇದೆಯೇ? ಇದ್ದರೆ ಅದನ್ನು ಅವರು ಆಡುವ ವಾಕ್ಯದ ಸಮೇತ ಬರೆದು ಕಳುಹಿಸಿ. ಕರಡು ಅಚ್ಚಿಗೆ ಹೋಗಲು ಇನ್ನೂ ಒಂದು ತಿಂಗಳಿದೆ.